ಘಟ್ಟ ಇಳಿದು ಗೋಕರ್ಣದ ಕಾಡುದಾರಿ: ಬಲ್ಲವರು ತಿಳಿಸಿ

ಪ್ರಶ್ನೆ, ಶಿವಮೊಗ್ಗದಿಂದ:
ಡಿಸೆಂಬರ್ ಕೊನೆಗೆ ಗೆಳೆಯರು ಆರು ಜನ ಗೋಕರ್ಣದಿಂದ ಕುಡ್ಲೆ, ಓಂ, ಹಾಫ್ ಮೂನ್ ದಾಟಿ ಪ್ಯಾರಡೈಸ್ ಬೀಚಿಗೆ ಗುಡ್ಡದ ದಾರಿಯಲ್ಲಿ ನಡೆಯಬೇಕೆಂದಿದ್ದೇವೆ. ಎಷ್ಟು ಹೊತ್ತಿಗೆ ಹೊರಡಬೇಕು, ಏನು ಒಯ್ಯಬೇಕು?

ಸಾಗರದಿಂದ:
ದಾರಿಯನ್ನು ತಿರುವಿ ಹಾಕಿ. ಬೆಳಿಗ್ಗೆ ಗೋಕರ್ಣದಿಂದ ಆಟೋದಲ್ಲಿ ಪ್ಯಾರಡೈಸ್ ಪಕ್ಕದ ಬೇಲೆಕಾನಿಗೆ ಹೋಗಿ, ಪ್ಯಾರಡೈಸ್‌ನಿಂದಲೇ ಶುರು ಮಾಡಿ. ಪ್ಯಾರಡೈಸಿಗೂ ಹಾಫ್ ಮೂನಿಗೂ ವಾಹನದ ರಸ್ತೆ ಇಲ್ಲ. ಅಲ್ಲಿಗೆ ಸಂಜೆ ಮುಟ್ಟಿದರೆ ದೋಣಿ ಹುಡುಕಬೇಕು, ಇಲ್ಲವೇ ಕತ್ತಲಲ್ಲಿ ಗುಡ್ಡ ಹತ್ತಬೇಕು. ಡಿಸೆಂಬರಿನಲ್ಲಿ ಆರು ಗಂಟೆ ದಾಟುತ್ತಲೇ ಹೊತ್ತು ಮುಳುಗುತ್ತದೆ. ಉತ್ತರಕ್ಕೆ ನಡೆದರೆ ಸುಸ್ತಾದವರು ಓಂ ಬೀಚಿನಲ್ಲೇ ಆಟೋ ಹತ್ತಬಹುದು.

ಈ ಇಳಿಜಾರುಗಳೆಲ್ಲ ಪಡುವಣಕ್ಕೆ ಮುಖ ಮಾಡಿವೆ. ಬೆಳಿಗ್ಗೆ ಗುಡ್ಡದ ನೆರಳು ಸಿಗುತ್ತದೆ, ಮಧ್ಯಾಹ್ನದ ಮೇಲೆ ಬಿಸಿಲು ನೇರ ಮೈಮೇಲೆ. ಏಳಕ್ಕೆ ಕಾಲು ಹಾಕಿದರೆ, ಆರೇಳು ಕಿ.ಮೀ. ದಾರಿ ನಿಂತು ನಿಂತು ನಡೆದರೂ ಮಧ್ಯಾಹ್ನದೊಳಗೆ ಮುಗಿಯುತ್ತದೆ. ಹಿಂದಿನ ದಿನವೇ ಹೋಗಿ ಉಳಿಯಿರಿ. ರಾತ್ರಿ ಎರಡಕ್ಕೆದ್ದು ಮಾವಿನಗುಂಡಿ, ಗೇರುಸೊಪ್ಪೆ ಘಟ್ಟವನ್ನು ಮಂಜಿನಲ್ಲಿ ಇಳಿಯುವುದು ಖಂಡಿತ ಬೇಡ.

ತೀರ್ಥಹಳ್ಳಿಯಿಂದ:
ಚಪ್ಪಲಿ ಬೇಡವೇ ಬೇಡ. ಜಂಬಿಟ್ಟಿಗೆಯ ಸಣ್ಣ ಹರಳಿನ ಮೇಲೆ ಅಕೇಶಿಯಾ ತರಗೆಲೆ ಬಿದ್ದಿರುತ್ತದೆ. ಹತ್ತುವಾಗ ಏನೂ ಅನಿಸುವುದಿಲ್ಲ. ಇಳಿಯುವಾಗ ಎಲೆ, ಹರಳು ಎರಡೂ ಒಟ್ಟಿಗೆ ಜಾರುತ್ತವೆ. ಆಳವಾದ ಹಲ್ಲಿರುವ ಶೂ ಹಾಕಿ, ಇಳಿಜಾರಿನಲ್ಲಿ ಅಡ್ಡಪಾದ ಇಡಿ, ಒಬ್ಬರಿಗೂ ಇನ್ನೊಬ್ಬರಿಗೂ ನಾಲ್ಕು ಹೆಜ್ಜೆ ಅಂತರವಿರಲಿ.

ಚಳಿಗಾಲದಲ್ಲಿ ಉಂಬಳ (ಜಿಗಣೆ) ಇರುವುದಿಲ್ಲ, ಉಣುಗು (ಉಣ್ಣೆ) ಇರುತ್ತದೆ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ. ಉತ್ತರ ಕನ್ನಡದಲ್ಲೂ ಅದು ಬಂದುಹೋಗಿದೆ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಮರಿ ಉಣುಗು ಎಳ್ಳುಕಾಳಿಗಿಂತ ಸಣ್ಣದು, ಕಣ್ಣಿಗೆ ಬೀಳದು. ತುಂಬುತೋಳು ಹಾಕಿ, ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸಿಕ್ಕಿಸಿ, ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ತಿಂಡಿಗೆ ತರಗೆಲೆಯ ಮೇಲೆ ಕೂರದೆ ಬರಿಬಂಡೆ ಹುಡುಕಿ. ವಾಪಸು ಬಂದವರೇ ಸೋಪು ಹಾಕಿ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಒಂದೆರಡು ವಾರದೊಳಗೆ ಜ್ವರ, ತಲೆನೋವು ಬಂದರೆ ಕಾಡಿನಲ್ಲಿ ಓಡಾಡಿದ್ದನ್ನು ವೈದ್ಯರಿಗೆ ಹೇಳಲೇಬೇಕು.

ಹೊಸನಗರದಿಂದ:
ಉಬ್ಬರ-ಇಳಿತದ ವೇಳೆ ನೋಡಿಯೇ ದಿನ ಗೊತ್ತು ಮಾಡಿ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ; ವೇಳೆ ದಿನದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಉಬ್ಬರ ಜಾಸ್ತಿ. ಪ್ಯಾರಡೈಸ್–ಹಾಫ್ ಮೂನ್ ನಡುವೆ ನೀರಂಚಿನ ಬಂಡೆಗಳ ಮೇಲೆ ಹಾಯುವುದಿದ್ದರೆ ಇಳಿತವಿರಬೇಕು. ಕಪ್ಪಗೆ ಒದ್ದೆಯಾಗಿರುವ ಬಂಡೆ ಎಂದರೆ ಪಾಚಿ, ಅಲ್ಲಿ ಕಾಲಿಡಬೇಡಿ. ನೀರು ಏರುತ್ತಿದ್ದರೆ ಗುಡ್ಡದ ಮೇಲಿನ ದಾರಿ ಹಿಡಿಯಿರಿ, ಹತ್ತು ನಿಮಿಷ ಹೆಚ್ಚಾದರೂ ಸರಿ.

ಸಾಗರದಿಂದ ಮತ್ತೊಬ್ಬರು:
ಮಲೆನಾಡಿನ ಚಳಿ ನೋಡಿ ನೀರು ಕಡಿಮೆ ಒಯ್ಯಬೇಡಿ. ಕೆಳಗೆ ಸೆಕೆ, ಬೆವರು. ತಲಾ ಎರಡು ಲೀಟರ್, ಜೊತೆಗೆ ಉಪ್ಪು-ಸಕ್ಕರೆ ಬೆರೆಸಿದ ನಿಂಬೆಹಣ್ಣಿನ ಪಾನಕ. ಗುಡ್ಡದ ಮರೆಯಲ್ಲಿ ಸಿಗ್ನಲ್ ಹೋಗುತ್ತದೆ. ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ.

ಸಮುದ್ರಕ್ಕೆ ಮೊಣಕಾಲು ಮಟ್ಟ ಸಾಕು. ಹೊಳೆಯಲ್ಲಿ ಈಜು ಕಲಿತ ಧೈರ್ಯ ಇಲ್ಲಿ ನಡೆಯದು. ನೀರು ಒಳಗೆ ಎಳೆದರೆ ದಡದ ಕಡೆಗೆ ಎದುರೀಜಬೇಡಿ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ದಡಕ್ಕೆ ತಿರುಗಿ.