ಸಹಾಯ ಬೇಕು: ಭಾನುವಾರ ಕನ್ನಡದಲ್ಲಿ ಪ್ರಾರ್ಥನೆ ಮಾಡುವವರು (ಮುಲುಂಡ್, ಮುಂಬೈ)

ಎಲ್ಲರಿಗೂ ನಮಸ್ಕಾರ. ಪಕ್ಕದ ಮನೆಯ ಆಂಟಿ ಗದಗ ಕಡೆಯವರು. ಮೊಣಕಾಲಿನ ಆಪರೇಷನ್ ಆಗಿ ಎರಡು ತಿಂಗಳಿಂದ ಚರ್ಚಿಗೆ ಹೋಗಿಲ್ಲ. ಭಾನುವಾರ ಅವರಿಗೆ 75 ತುಂಬುತ್ತದೆ. ಸಂಜೆ ಮನೆಯಲ್ಲೇ ಪ್ರಾರ್ಥನೆ, ಆಮೇಲೆ ಕೇಕ್.

ಬರುವವರೆಲ್ಲ ಮರಾಠಿ, ಇಂಗ್ಲಿಷ್‌ನಲ್ಲೇ ಪ್ರಾರ್ಥಿಸುತ್ತಾರೆ. ಆಂಟಿ ಆಮೆನ್ ಅಂತಾರೆ, ಆದರೆ ಅವರ ಕಣ್ಣು ತುಂಬುವುದು ಕನ್ನಡಕ್ಕೇ. ಬೈಬಲಿನ 121ನೇ ಕೀರ್ತನೆ ಅವರಿಗೆ ಬಾಯಿಪಾಠ. ಎಂಟೇ ವಚನ. ಬೆಟ್ಟಗಳ ಕಡೆ ಕಣ್ಣೆತ್ತಿ, ನನಗೆ ಸಹಾಯ ಎಲ್ಲಿಂದ ಬರುತ್ತದೆ ಅಂತ ಕೇಳುತ್ತದಲ್ಲ, ಅದು. ಈಗ ದಿನವಿಡೀ ಕಿಟಕಿಯಿಂದ ನ್ಯಾಷನಲ್ ಪಾರ್ಕಿನ ಗುಡ್ಡ ನೋಡುತ್ತಾ ಅದನ್ನೇ ಗುನುಗುತ್ತಾರೆ.

ಅದನ್ನು ನಿಧಾನಕ್ಕೆ ಓದಿ, ಒಂದೆರಡು ಕನ್ನಡ ಹಾಡು ಹಾಡುವವರು ಮುಲುಂಡ್, ಠಾಣೆ ಕಡೆ ಇದ್ದೀರಾ? ಪಾಸ್ಟರೇ ಆಗಬೇಕಿಲ್ಲ. ನಾನು ಓದಿದರೆ ಆಂಟಿ ನಗುತ್ತಾರೆ, ನನ್ನದು ಮುಂಬೈ ಕನ್ನಡ ಅಲ್ವಾ! ಜಾಸ್ತಿ ಉಪದೇಶ ಬೇಡ, ಅವರಿಗೆ ತುಂಬಾ ಹೊತ್ತು ಕೂರಲು ಆಗುವುದಿಲ್ಲ.

ದೊಡ್ಡ ಅಕ್ಷರದ ಕನ್ನಡ ಬೈಬಲ್ ಇಲ್ಲಿ ಎಲ್ಲಿ ಸಿಗುತ್ತದೆ ಅಂತಲೂ ತಿಳಿಸಿ.