ಡೆಂಗೀ ಹೋತು, ಸುಸ್ತು ಹೋಗವಲ್ದು

ಪ್ರಶ್ನೆ, ವಿಜಯಪುರದಿಂದ:
ಅಕ್ಕಾರ, ನನಗ 46. ಮಳಿಗಾಲದಾಗ ಡೆಂಗೀ ಆಗಿತ್ತು. ಜ್ವರ ಬಿಟ್ಟು ಭಾಳ ದಿನ ಆತು, ಸುಸ್ತು ಬಿಡವಲ್ದು. ನಾಕ ರೊಟ್ಟಿ ಬಡಿಯೂದ್ರಾಗ ಕೈ ಸೋತು ಕೂಡ್ತೀನಿ. ಸಾಲ್ಯಾಗ ಹಾಜರಿ ತಗೊಳ್ಳುವಾಗ ದಿನಾ ನೋಡೋ ಹುಡುಗರ ಹೆಸರ ಬಾಯಿಗೆ ಬರೂದಿಲ್ಲ. ಮುಟ್ಟೂ ಹಿಂದ ಮುಂದ ಆಗೈತಿ, ಬಂದ್ರ ವಿಪರೀತ. ನಡುರಾತ್ರಿ ಬೆವತು ಏಳ್ತೀನಿ. ಮನ್ಯಾಗ 'ವಯಸ್ಸಾತು ಬಿಡು' ಅಂತಾರ. ಇದು ಜ್ವರದ್ದೋ, ಮುಟ್ಟು ನಿಲ್ಲೋ ಕಾಲದ್ದೋ?

ಬಾಗಲಕೋಟೆಯಿಂದ:
ತಂಗಿ, ಎರಡೂ ಕೂಡಿರಬಹುದು. ನನಗ ಚಿಕೂನ್‌ಗುನ್ಯಾ ಆದಮ್ಯಾಲೆ ಹಿಂಗ ಆಗಿತ್ತು. ಮೊದಲ ರಕ್ತ ತಪಾಸಣಿ ಮಾಡಸು: ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್, ಬಿ12, ಶುಗರ್. ಹಿಮೋಗ್ಲೋಬಿನ್ ಸರಿ ಐತಿ ಅಂತ ಅಷ್ಟಕ್ಕ ಬಿಡಬ್ಯಾಡ. ಮುಟ್ಟು ಜಾಸ್ತಿ ಹೋಗೋರಿಗೆ ಮೈಯಾಗ ಕೂಡಿಟ್ಟ ಕಬ್ಬಿಣ ಮೊದಲ ಖಾಲಿ ಆಗ್ತೈತಿ, ಅದನ್ನ ಫೆರಿಟಿನ್ ತೋರಸ್ತೈತಿ. ನಂದು ಭಾಳ ಕಡಿಮಿ ಬಂದಿತ್ತು. ಡಾಕ್ಟರ್ ಗುಳಿಗಿ ಕೊಟ್ರ ಚಾ ಜೋಡಿ ನುಂಗಬ್ಯಾಡ, ಕಬ್ಬಿಣ ಮೈಗೆ ಸರಿಯಾಗಿ ಹತ್ತೂದಿಲ್ಲ.

ಬೆಳಗಾವಿಯಿಂದ, ನರ್ಸ್:
ಆರಾಮ ಅನ್ನಿಸಿದ ದಿನ ಎಲ್ಲಾ ಕೆಲಸ ಮೈಮ್ಯಾಲೆ ಎಳಕೊಂಡು ಮರುದಿನ ಹಾಸಿಗಿ ಹಿಡೀತೀರೇನ್ರಿ? ಹಂಗಿದ್ರ ಹಟಕ್ಕ ಬಿದ್ದು ವಾಕಿಂಗ್ ಹೆಚ್ಚಿಸಬ್ಯಾಡ್ರಿ. ದಣಿವು ಬರೋಕಿಂತ ಮೊದಲ ಕೂಡ್ರಿ. ಬೆವರು, ನಿದ್ದಿಗೇಡು, ವಿಪರೀತ ಸ್ರಾವ ಸ್ತ್ರೀರೋಗ ತಜ್ಞರಿಗೆ ಹೇಳಲೇಬೇಕ್ರಿ. ಹಾರ್ಮೋನ್ ಚಿಕಿತ್ಸಿ ಎಲ್ಲಾರಿಗೂ ಆಗಿ ಬರೂದಿಲ್ಲ, ಆದ್ರ ಕೇಳ್ರಿ. ಎದಿನೋವು, ಉಸಿರಿಗೆ ತೊಂದರಿ ಇದ್ರ ತಡಾ ಬ್ಯಾಡ.

ವಿಜಯಪುರದಿಂದ:
ಹೌದ್ರಿ, ಐತವಾರ ಹಾಸಿಗಿ ಬಟ್ಟಿ ಎಲ್ಲಾ ಒಗದು ಸೋಮವಾರ ಏಳಾಕ ಆಗಲಿಲ್ಲ. ಫೆರಿಟಿನ್ ಇನ್ನಾ ಯಾರೂ ನೋಡಿಲ್ಲ, ನಾಳೆ ಮಾಡಸ್ತೀನಿ.