ಅಮೆರಿಕದಲ್ಲಿ ಯಾರಿಗೆ ಓಟಿ (ಓವರ್‌ಟೈಮ್) ಕೊಡಬೇಕು, ಯಾರಿಗೆ ಬೇಡ? ತಿಳಿದವರು ಹೇಳಿ

ಡಲ್ಲಾಸ್ ಕನ್ನಡಿಗ:
ಟೆಕ್ಸಸ್‌ನಲ್ಲಿ ನಮ್ಮದೊಂದು ಸಣ್ಣ ಐಟಿ ಸರ್ವಿಸ್ ಕಂಪನಿ. ಹೆಲ್ಪ್‌ಡೆಸ್ಕ್ ನೋಡಿಕೊಳ್ಳುವವರಿಗೆ 40 ಗಂಟೆಗೆಂದು ವಾರಕ್ಕೆ 1,000 ಡಾಲರ್ ಸಂಬಳ, ಹುದ್ದೆ ‘ಐಟಿ ಮ್ಯಾನೇಜರ್’. ಕೆಲಸ 46 ಗಂಟೆಯವರೆಗೂ ಎಳೆಯುತ್ತದೆ. ಅವರನ್ನು ಎಕ್ಸೆಂಪ್ಟ್ (ಓಟಿ ಕೊಡಬೇಕಿಲ್ಲದವರು) ಎಂದು ಬರೆದುಕೊಂಡಿದ್ದೇವೆ, ಸರಿಯೇ? ಒಬ್ಬರು ಆಫೀಸ್ ಮ್ಯಾನೇಜರ್, ಒಬ್ಬರು ಗಂಟೆ ಲೆಕ್ಕದ ಪ್ರೋಗ್ರಾಮರ್ ಕೂಡ ಇದ್ದಾರೆ. ಕ್ಯಾಲಿಫೋರ್ನಿಯಾದಲ್ಲೂ ಒಬ್ಬರನ್ನು ತೆಗೆದುಕೊಳ್ಳುವ ಯೋಚನೆ ಇದೆ.

ಲೆಕ್ಕದ ಪುಸ್ತಕ:
ಸರಿಯಿಲ್ಲ ಸರ್. ಹುದ್ದೆಯ ಹೆಸರಿಗೆ ಕಾನೂನಿನಲ್ಲಿ ಬೆಲೆಯಿಲ್ಲ. 1938ರ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಆ್ಯಕ್ಟ್ ಪ್ರಕಾರ ವಾರದಲ್ಲಿ 40 ಗಂಟೆ ಮೀರಿದರೆ ಒಂದೂವರೆ ಪಟ್ಟು ಕೊಡುವುದೇ ನಿಯಮ. ಆಫೀಸು ಕೆಲಸದವರನ್ನು ಅದರಿಂದ ಹೊರಗಿಡಲು ಸಾಮಾನ್ಯವಾಗಿ ಮೂರೂ ಕೂಡಿ ಬರಬೇಕು: ಗಂಟೆ ಹೆಚ್ಚುಕಮ್ಮಿಯಾದರೂ ಕದಲದ ಸಂಬಳ, ಅದು ವಾರಕ್ಕೆ ಕನಿಷ್ಠ 684 ಡಾಲರ್, ಮತ್ತು ಮುಖ್ಯವಾಗಿ ಕೆಲಸದ ಸ್ವರೂಪ. (2024ರ ಹೊಸ ನಿಯಮ ಈ ಮಿತಿಯನ್ನು 1,128ಕ್ಕೆ ಏರಿಸಬೇಕಿತ್ತು. 2024ರ ನವೆಂಬರ್‌ನಲ್ಲಿ ಟೆಕ್ಸಸ್‌ನ ಫೆಡರಲ್ ಕೋರ್ಟ್ ಅದನ್ನು ರದ್ದು ಮಾಡಿತು. ಹಳೆಯ ಲೇಖನ ಓದಿ ಗಾಬರಿಯಾಗಬೇಡಿ.)

ನಿಮ್ಮ ಹೆಲ್ಪ್‌ಡೆಸ್ಕ್‌ನವರು ಮೊದಲೆರಡರಲ್ಲಿ ಪಾಸು, ಮೂರನೆಯದರಲ್ಲಿ ಫೇಲು. ಪಾಸ್‌ವರ್ಡ್ ರೀಸೆಟ್, ಲ್ಯಾಪ್‌ಟಾಪ್ ರಿಪೇರಿ, ಟಿಕೆಟ್ (ಬಂದ ದೂರು) ಮುಚ್ಚುವುದು ಇವೆಲ್ಲ ಕಂಪ್ಯೂಟರ್ ಕೆಲಸದವರಿಗಿರುವ ಓಟಿ ವಿನಾಯಿತಿಗೆ ಬರುವುದಿಲ್ಲ. ಅದು ಸಿಸ್ಟಮ್ ವಿಶ್ಲೇಷಣೆ, ವಿನ್ಯಾಸ, ಪ್ರೋಗ್ರಾಮಿಂಗ್ ಮಾಡುವವರಿಗೆ. ಇನ್ನು ‘ಮ್ಯಾನೇಜರ್’ ಎನ್ನಬೇಕಾದರೆ ಆಡಳಿತವೇ ಅವರ ಮುಖ್ಯ ಕೆಲಸವಾಗಿರಬೇಕು, ಕೈಕೆಳಗೆ ಕನಿಷ್ಠ ಇಬ್ಬರು ಪೂರ್ಣಾವಧಿಯವರು ಇರಬೇಕು, ಜನರನ್ನು ತೆಗೆದುಕೊಳ್ಳುವ, ಬಿಡಿಸುವ ವಿಷಯದಲ್ಲಿ ಅವರ ಮಾತು ನಡೆಯಬೇಕು.

46 ಗಂಟೆಯ ವಾರದ ಲೆಕ್ಕ: ಗಂಟೆಗೆ 25, ಓಟಿ ದರ 37.50, ಆರು ಗಂಟೆಗೆ 225. ಒಟ್ಟು 1,225. ಟಿಕೆಟ್ ಗುರಿ ಮುಟ್ಟಿದ್ದಕ್ಕೆ ಆ ವಾರ 92 ಡಾಲರ್ ಬೋನಸ್ ಇದ್ದರೆ ಅದನ್ನೂ ದರಕ್ಕೆ ಸೇರಿಸಬೇಕು. 92ನ್ನು 46ರಿಂದ ಭಾಗಿಸಿದರೆ 2, ಅದರ ಅರ್ಧ 1 (ಒಂದು ಪಟ್ಟು ಬೋನಸ್‌ನಲ್ಲೇ ಬಂದಾಗಿದೆ), ಆರು ಗಂಟೆಗೆ ಇನ್ನೂ 6 ಡಾಲರ್. ಪೇರೋಲ್ ಸಾಫ್ಟ್‌ವೇರ್‌ನಲ್ಲಿ ಬೋನಸ್ ಬೇರೆ ಸಾಲಿನಲ್ಲಿ ಕೂತರೆ ಈ 6 ಡಾಲರ್ ಸದ್ದಿಲ್ಲದೆ ತಪ್ಪಿಹೋಗುತ್ತದೆ.

ಎಚ್ಆರ್ ಅಕ್ಕ:
ಆಫೀಸ್ ಮ್ಯಾನೇಜರ್ ಬಗ್ಗೆ ಒಂದೇ ಪ್ರಶ್ನೆ: ಯಾರನ್ನೂ ಕೇಳದೆ ಅವರು ಏನನ್ನು ತೀರ್ಮಾನಿಸಬಹುದು? ಇನ್ಶೂರೆನ್ಸ್, ಬಾಡಿಗೆ ಕರಾರು ಮಾತಾಡಿ ಕುದುರಿಸುತ್ತಾರಾದರೆ ಎಕ್ಸೆಂಪ್ಟ್ ಎನ್ನಲು ಆಧಾರವಿದೆ. ಬಿಲ್ ಎಂಟ್ರಿ, ಸ್ಟೇಷನರಿ ಆರ್ಡರ್ ಅಷ್ಟೇ ಆದರೆ ಇಲ್ಲ. ಪ್ರೋಗ್ರಾಮರ್‌ಗೆ ಗಂಟೆಗೆ 27.63 ಡಾಲರ್ ಅಥವಾ ಹೆಚ್ಚಿದ್ದು, ಕೆಲಸವೂ ನಿಜಕ್ಕೂ ಕೋಡಿಂಗ್ ಆಗಿದ್ದರೆ, ಫೆಡರಲ್ ಕಾನೂನಿನಡಿ ಒಂದೂವರೆ ಪಟ್ಟು ಬೇಕಿಲ್ಲ.

ಎಕ್ಸೆಂಪ್ಟ್ ಆದವರು ಮಧ್ಯಾಹ್ನ ಮೂರಕ್ಕೆ ಡಾಕ್ಟರ ಹತ್ತಿರ ಹೋದರೆಂದು ಎರಡು ಗಂಟೆಯ ಸಂಬಳ ಹಿಡಿಯಬೇಡಿ. ಇಂಥ ಕಡಿತ ರೂಢಿಯಾದರೆ ವಿನಾಯಿತಿಯೇ ಕೈಬಿಡುತ್ತದೆ. ಬೆಂಗಳೂರಿನ ಕಾಂಪ್ ಆಫ್ ಅಭ್ಯಾಸವೂ ಬೇಡ: ಈ ವಾರ ಆರು ಗಂಟೆ ಹೆಚ್ಚು ಮಾಡಿದ ನಾನ್‌ಎಕ್ಸೆಂಪ್ಟ್ ನೌಕರರಿಗೆ ಮುಂದಿನ ವಾರ ರಜೆ ಕೊಟ್ಟು ಚುಕ್ತಾ ಮಾಡಲು ಖಾಸಗಿ ಕಂಪನಿಗೆ ಅವಕಾಶವಿಲ್ಲ. ಅದೇ ವಾರದೊಳಗೆ ಬೇಗ ಮನೆಗೆ ಕಳಿಸಿ 40ಕ್ಕೆ ನಿಲ್ಲಿಸಬಹುದು.

ಸ್ಯಾನ್ ಹೊಸೆ:
ಕ್ಯಾಲಿಫೋರ್ನಿಯಾದಲ್ಲಿ ಕೂತು ಕೆಲಸ ಮಾಡುವವರಿಗೆ ಇಲ್ಲಿನ ನಿಯಮ, ಕಂಪನಿ ಟೆಕ್ಸಸ್‌ನದಾದರೂ. 2026ಕ್ಕೆ ಎಕ್ಸೆಂಪ್ಟ್ ಸಂಬಳದ ಮಿತಿ ವರ್ಷಕ್ಕೆ 70,304 ಡಾಲರ್ (ಕಂಪ್ಯೂಟರ್ ವಿಭಾಗಕ್ಕೆ ಇನ್ನೂ ಮೇಲೆ), ಅರ್ಧಕ್ಕಿಂತ ಹೆಚ್ಚು ಸಮಯ ಎಕ್ಸೆಂಪ್ಟ್ ಕೆಲಸಕ್ಕೇ ಹೋಗಬೇಕು. ಓಟಿ ದಿನದ ಲೆಕ್ಕದಲ್ಲೂ ಇದೆ: 8 ಗಂಟೆ ದಾಟಿದರೆ ಒಂದೂವರೆ, 12 ದಾಟಿದರೆ ಎರಡು ಪಟ್ಟು.

ಡಲ್ಲಾಸ್ ಕನ್ನಡಿಗ:
ಹಳೆಯ ಬಾಕಿ ಏನು ಮಾಡೋದು?

ಲೆಕ್ಕದ ಪುಸ್ತಕ:
ಎರಡು ವರ್ಷದವರೆಗೆ ಹಿಂದಕ್ಕೆ ಹೋಗಿ ಕೇಳಬಹುದು, ಬೇಕೆಂದೇ ಮಾಡಿದ್ದೆಂದಾದರೆ ಮೂರು. ಬಾಕಿಯಷ್ಟೇ ಮೊತ್ತ ಪರಿಹಾರವಾಗಿ ಸೇರಿ ದುಪ್ಪಟ್ಟಾಗಬಹುದು. ಟೈಮ್‌ಶೀಟ್ ಇಲ್ಲದಿದ್ದರೆ ಟಿಕೆಟ್ ಸಿಸ್ಟಮ್‌ನ ಲಾಗಿನ್, ಲಾಗೌಟ್ ಇಟ್ಟುಕೊಂಡು ವಾರವಾರು ಲೆಕ್ಕ ಹಾಕಿ. ಬಾಕಿ ಕೊಟ್ಟು ಒಂದು ಕಾಗದಕ್ಕೆ ಸಹಿ ಮಾಡಿಸಿಕೊಂಡರೆ ಮುಗಿಯಿತು ಅಂದುಕೊಳ್ಳಬೇಡಿ, ಈ ಹಕ್ಕನ್ನು ಖಾಸಗಿಯಾಗಿ ಬರೆಸಿಕೊಳ್ಳುವುದು ಸಾಮಾನ್ಯವಾಗಿ ಊರ್ಜಿತವಾಗುವುದಿಲ್ಲ. ಹಣ ಕೊಡುವ ಮುಂಚೆ ಲೇಬರ್ ವಕೀಲರಿಗೆ ತೋರಿಸಿ. ನಾಳೆಯಿಂದಲೇ ಗಂಟೆ ಬರೆಸಿ, ರಾತ್ರಿ ಮನೆಯಿಂದ ಎತ್ತಿದ ಸಪೋರ್ಟ್ ಕಾಲ್ ಕೂಡ.